ಅಲ್ಲೋ ನಾರಿನ ಶಾಲು

ಕಠ್ಮಂಡುವಿನ ಕರಕುಶಲ ಮಳಿಗೆಯೊಂದರಲ್ಲಿ ಕೊಂಡ ಈ ಶಾಲನ್ನು ನೇಯ್ದಿರುವುದು ನೇಪಾಳದಲ್ಲಿ ‘ಅಲ್ಲೋ’ ಎಂದು ಕರೆಯಲಾಗುವ, ಜಿರಾರ್ಡಿನಿಯಾ ಕುಲಕ್ಕೆ ಸೇರಿದ ಎತ್ತರದ ತುರಿಕೆ ಗಿಡದ ನಾರಿನಿಂದ. ಇದೇ ಗಿಡ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುತ್ತದೆ. ಮೈತುಂಬ ಚುಚ್ಚುವ ರೋಮಗಳಿರುವ ಕಾಂಡವನ್ನು ಕೊಯ್ದು, ಸಿಪ್ಪೆ ಸುಲಿದು, ಬೂದಿ ನೀರಿನಲ್ಲಿ ಗಂಟೆಗಟ್ಟಲೆ ಕುದಿಸಿ, ಬಡಿದು ತೊಳೆದು, ಎಳೆಗಳು ಬಿಡಿಬಿಡಿಯಾಗಲೆಂದು ಬಿಳಿ ಜೇಡಿಮಣ್ಣು ಸವರಿ ಒಣಗಿಸಿದ ಮೇಲೆ, ಸಂಖುವಾಸಭಾ ಮೊದಲಾದ ಪೂರ್ವದ ಬೆಟ್ಟ ಜಿಲ್ಲೆಗಳ ಹೆಂಗಸರು ಅದನ್ನು ಕೈಕದಿರಿನಲ್ಲಿ ನೂಲುತ್ತಾರೆ. ಇಷ್ಟೆಲ್ಲ ಆದ ಬಳಿಕ ಬಟ್ಟೆಯಲ್ಲಿ ಚುಚ್ಚುವ ಗುಣ ಒಂದಿಷ್ಟೂ ಉಳಿದಿರುವುದಿಲ್ಲ.

ಮೊದಲ ಸಲ ಹೊದ್ದಾಗ ಕತ್ತಿನ ಬಳಿ ಸೆಣಬಿನಂತೆ ಬಿರುಸೆನಿಸಿದರೂ ಒಗೆದಂತೆಲ್ಲ ಮೆದುವಾಗುತ್ತ ಬಂದಿದೆ. ನೂಲಿನ ದಪ್ಪ ಒಂದೇ ಸಮ ಇಲ್ಲ. ಅಲ್ಲಲ್ಲಿ ಬೆರಳಿಗೆ ಸಿಗುವ ಸಣ್ಣ ಗಂಟುಗಳು ಕೈನೂಲಿನ ಗುರುತು, ಅವು ನನಗೆ ಬಹಳ ಹಿಡಿಸಿವೆ. ಅಂಚನ್ನು ಮಾತ್ರ ಸರಿಯಾಗಿ ಹೊಲಿದಿಲ್ಲ, ಎಳೆ ಬಿಚ್ಚಿಕೊಳ್ಳುತ್ತಿದೆ. ಹತ್ತಿ ಬೆರೆತಿರುವ ವಿಷಯವನ್ನು ಚೀಟಿಯಲ್ಲಿ ನಮೂದಿಸದಿರುವುದೂ ತಪ್ಪು. ಬೆಲೆ ಹತ್ತಿಯ ಶಾಲಿಗಿಂತ ಹೆಚ್ಚೇ ಆದರೂ ಅದರ ಹಿಂದಿನ ದುಡಿಮೆಗೆ ನ್ಯಾಯವಾದುದು. ಕೊಳ್ಳುವವರು ಬೆರಕೆಯ ಪ್ರಮಾಣವನ್ನು ಅಂಗಡಿಯಲ್ಲೇ ಕೇಳುವುದು ಒಳ್ಳೆಯದು.