"ವೆರಿಫೈಡ್ ಸೋರ್ಸ್" ಪಟ್ಟಿ ಮಾರುವವರಿಗೆ ದುಡ್ಡು ಕೊಡಬೇಡಿ: ಮನೋವಿಜ್ಞಾನದ ಸ್ಕಾಲರ್‌ಗಳಿಗೆ ಎಚ್ಚರಿಕೆ

ಮನೋವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿರುವವರು, ಎಂಎ ಕೊನೆಯ ಸೆಮಿಸ್ಟರಿನ ಡಿಸರ್ಟೇಶನ್ ಬರೆಯುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬೆಂಗಳೂರಿನ ಒಂದು "ಸಂಶೋಧನಾ ಸಹಾಯ ಕೇಂದ್ರ" ನನ್ನಿಂದ 18,000 ರೂಪಾಯಿ ತೆಗೆದುಕೊಂಡು ಒಂದು ಸೋರ್ಸ್ ಪಟ್ಟಿ, ಅಂದರೆ ಸಂಶೋಧನೆಗೆ ಆಧಾರವಾಗುವ ಪೇಪರ್‌ಗಳ ಪಟ್ಟಿ, ಕೊಟ್ಟಿತು. ಆ ಪಟ್ಟಿಯಿಂದಾಗಿ ಡಾಕ್ಟರಲ್ ಕಮಿಟಿಯ ಮುಂದೆ ನನ್ನ ಮಾನ ಹೋಯಿತು. ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯುವ ತನಕ ಹೆಸರು ಬೇಡ ಅಂತ ವಕೀಲರು ಹೇಳಿದ್ದಾರೆ. ಆದರೆ ಇಂಥವರು ಒಬ್ಬರೇ ಅಲ್ಲ. ಸ್ಕಾಲರ್‌ಗಳ ಪ್ರತಿ ವಾಟ್ಸಾಪ್ ಗುಂಪಿನಲ್ಲೂ ಇವರ ಪೋಸ್ಟರ್ ಬರುತ್ತದೆ, ನೀವೂ ನೋಡಿರುತ್ತೀರಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಥೀಸಿಸ್ ಬರೆಸಿಕೊಳ್ಳಲು ಹೋಗಿದ್ದಲ್ಲ. ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪಾಠ, ಮೌಲ್ಯಮಾಪನ, ಮನೆ, ಎಲ್ಲದರ ಮಧ್ಯೆ ಸಂಶೋಧನೆ. ನನ್ನ ವಿಷಯ ಪದವಿ ವಿದ್ಯಾರ್ಥಿಗಳ ಆತ್ಮಸಂಯಮ ಮತ್ತು ಪರೀಕ್ಷೆಯಲ್ಲಿ ನಕಲು ಮಾಡುವ ಪ್ರವೃತ್ತಿ. ಇದರ ಮೇಲೆ ರಾಶಿ ಪೇಪರ್‌ಗಳಿವೆ. ಯಾವುದು ಗಟ್ಟಿ, ಯಾವುದು ಜೊಳ್ಳು ಅಂತ ಬೇರೆ ಮಾಡಿಕೊಡುವವರು ಬೇಕಿತ್ತು. ಕೇಂದ್ರದವರು ಮಾರುತ್ತಿದ್ದದ್ದೂ ಅದನ್ನೇ. "ಮೇಡಂ, ನಮ್ಮ ಟೀಮ್ ಪ್ರತಿಯೊಂದು ಪೇಪರ್ ಚೆಕ್ ಮಾಡಿರುತ್ತೆ. ರಿಟ್ರ್ಯಾಕ್ಷನ್ ಚೆಕ್, ಜರ್ನಲ್ ಚೆಕ್, ಡಿಒಐ ಚೆಕ್. ನೀವು ಓದಿ ಬರೆದರೆ ಸಾಕು." ಇದು ಅವರದೇ ಮಾತು, ಚಾಟ್‌ನಲ್ಲಿ ಈಗಲೂ ಇದೆ. (ರಿಟ್ರ್ಯಾಕ್ಷನ್ ಅಂದರೆ ಪ್ರಕಟವಾದ ಪೇಪರನ್ನು ಜರ್ನಲ್ ವಾಪಸ್ ತೆಗೆಯುವುದು. ಡಿಒಐ ಅಂದರೆ ಪೇಪರ್‌ನ ಕಾಯಂ ಗುರುತಿನ ಸಂಖ್ಯೆ.)

ದುಡ್ಡು ಕೊಟ್ಟದ್ದೇ ಚೆಕ್ ಮಾಡಿದ್ದಕ್ಕೆ. ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ಯಾಕೆಂದರೆ "ನೀವೇ ಚೆಕ್ ಮಾಡಬೇಕಿತ್ತಲ್ವಾ" ಅಂತ ಈಗ ಎಲ್ಲರೂ ಕೇಳುತ್ತಿದ್ದಾರೆ. ಕಲ್ಲು ಆರಿಸಿದ ಅಕ್ಕಿ ಅಂತ ಹೆಚ್ಚು ಬೆಲೆ ತೆಗೆದುಕೊಂಡವನು ಕಲ್ಲಿಗೆ ಜವಾಬ್ದಾರನಲ್ಲವೇ?

ಪಟ್ಟಿ ಬಂತು. ಎಕ್ಸೆಲ್ ಹಾಳೆ. ಪ್ರತಿ ಸಾಲಿನ ಕೊನೆಯಲ್ಲಿ ಹಸಿರು ಬಣ್ಣದಲ್ಲಿ "ವೆರಿಫೈಡ್". ಜೊತೆಗೆ ಒಂದು ಫೋಲ್ಡರ್ ತುಂಬ ಪಿಡಿಎಫ್. ನೋಡಿದರೆ ಯಾರಿಗಾದರೂ ನಂಬಿಕೆ ಬರಬೇಕು, ಹಾಗಿತ್ತು.

ಅದರಲ್ಲಿ 2012ರ ಒಂದು ಪೇಪರ್ ಇತ್ತು. ಅರ್ಜಿಯ ಕೊನೆಯಲ್ಲಿ ಸಹಿ ಹಾಕಿಸುವ ಬದಲು ಮೊದಲೇ ಸಹಿ ಹಾಕಿಸಿದರೆ ಜನ ಹೆಚ್ಚು ಪ್ರಾಮಾಣಿಕರಾಗಿರುತ್ತಾರೆ ಎಂಬ ಪೇಪರ್. ಅಮೆರಿಕದ ಪಿಎನ್‌ಎಎಸ್ ಜರ್ನಲ್‌ನಲ್ಲಿ ಬಂದದ್ದು. ನನ್ನ ವಿಷಯಕ್ಕೆ ಅಳತೆ ಮಾಡಿ ಹೊಲಿದಂತಿತ್ತು. ಪರೀಕ್ಷೆಗೆ ಮುಂಚೆಯೇ ವಿದ್ಯಾರ್ಥಿಯಿಂದ ಸಹಿ ಹಾಕಿಸಿದರೆ ನಕಲು ಕಡಿಮೆ ಆಗುತ್ತದಾ? ನನ್ನ ಒಂದು ಹೈಪಾಥಿಸಿಸ್ (ಪರೀಕ್ಷಿಸಬೇಕಾದ ಊಹೆ) ಪೂರ್ತಿ ಇದರ ಮೇಲೆ ನಿಂತಿತ್ತು. ಅವರು ಕೊಟ್ಟ ಪಿಡಿಎಫ್ ಅನ್ನು ಸಾಲು ಸಾಲಾಗಿ ಓದಿದ್ದೆ. ಗುರುತು ಹಾಕಿ ಓದಿದ್ದೆ.

ಕಮಿಟಿಯ ದಿನ ಸ್ಲೈಡ್ ಹಾಕಿದೆ. ಹೊರಗಿನಿಂದ ಬಂದಿದ್ದ ಪ್ರೊಫೆಸರ್ ಕೈ ಎತ್ತಿ ನಿಲ್ಲಿಸಿದರು. ಜೋರು ಮಾಡಲಿಲ್ಲ, ಮೆತ್ತಗೇ ಕೇಳಿದರು. "ಏನಮ್ಮಾ, ಈ ಪೇಪರ್ ಈಗಲೂ ಇದೆಯಾ?"

ಪ್ರಶ್ನೆಯೇ ಅರ್ಥವಾಗಲಿಲ್ಲ. ಇದೆ ಸರ್, ಪಿಡಿಎಫ್ ನನ್ನ ಹತ್ತಿರವೇ ಇದೆ ಅಂದೆ. "ಜರ್ನಲ್ ಪುಟ ತೆಗೀರಿ" ಅಂದರು. ತೆಗೆದೆ. ಪ್ರೊಜೆಕ್ಟರ್ ಆನ್ ಇತ್ತು. ಇಡೀ ಕೋಣೆಯ ಮುಂದೆ, ಪೇಪರ್ ಹೆಸರಿನ ಜೊತೆಯಲ್ಲೇ "ರಿಟ್ರ್ಯಾಕ್ಟೆಡ್" ಅಂತ ಇತ್ತು. 2021ರಲ್ಲೇ ವಾಪಸ್ ತೆಗೆದಿದ್ದಾರೆ. ಕಾರು ವಿಮೆಯ ಗ್ರಾಹಕರು ಕೊಟ್ಟ ಓಡೋಮೀಟರ್ (ಕಾರು ಓಡಿದ ದೂರದ) ಅಂಕಿಗಳು ಎಂದು ತೋರಿಸಿದ್ದ ಡೇಟಾ ನಕಲಿ ಅಂತ, ಸಂಶೋಧನೆಗಳ ಡೇಟಾ ಪರೀಕ್ಷಿಸುವ ಡೇಟಾ ಕೊಲಾಡಾ ಬ್ಲಾಗಿನ ಮೂವರು ಸಂಶೋಧಕರು ಆ ವರ್ಷ ಬಯಲು ಮಾಡಿದ್ದರು. ಅದಕ್ಕೂ ಒಂದು ವರ್ಷ ಮೊದಲು, 2020ರಲ್ಲಿ, ಅದೇ ಲೇಖಕರು ಅದೇ ಜರ್ನಲ್‌ನಲ್ಲಿ "ಮತ್ತೆ ಮಾಡಿ ನೋಡಿದೆವು, ಆ ಫಲಿತಾಂಶ ಬರಲಿಲ್ಲ" ಎಂದು ಬರೆದಿದ್ದರು. ಎರಡು ಎಚ್ಚರಿಕೆ ಇದ್ದ ಪೇಪರ್! ಕೇಂದ್ರದವರು ಕೊಟ್ಟಿದ್ದು ವಾಪಸ್ ತೆಗೆಯುವ ಮೊದಲು ಯಾರೋ ಇಳಿಸಿಟ್ಟ ಹಳೆಯ ಪಿಡಿಎಫ್. ಅದರ ಮೇಲೆ ಯಾವ ಗುರುತೂ ಇಲ್ಲ. ಹಾಳೆಯಲ್ಲಿ ಮಾತ್ರ ಹಸಿರು "ವೆರಿಫೈಡ್".

ಪ್ರಾಮಾಣಿಕತೆಯ ಮೇಲೆ ಸಂಶೋಧನೆ ಮಾಡುವವಳ ಸ್ಲೈಡ್‌ನಲ್ಲಿ ನಕಲಿ ಡೇಟಾದ ಪೇಪರ್. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನನ್ನ ಗೈಡ್ ತಲೆ ಎತ್ತಲಿಲ್ಲ. ಅವರು ನನಗಾಗಿ ಎಷ್ಟು ಜನರ ಹತ್ತಿರ ಮಾತಾಡಿದ್ದರು ಅಂತ ನನಗೆ ಗೊತ್ತು. ಆ ಕ್ಷಣ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಇನ್ನೊಂದು ಸಾಲು ತೋರಿಸಿ "ಇದರ ಡಿಒಐ ಹಾಕಿ" ಅಂದರು. ಕರ್ನಾಟಕದ ಪದವಿ ವಿದ್ಯಾರ್ಥಿಗಳ ನಕಲು ಪ್ರವೃತ್ತಿ ಬಗ್ಗೆ ಒಳ್ಳೆಯ ಭಾರತೀಯ ಜರ್ನಲ್‌ನಲ್ಲಿ ಬಂದಿದೆ ಅಂತ ಕೇಂದ್ರದವರು ಕೊಟ್ಟಿದ್ದ ಪೇಪರ್ ಅದು. ಇದರ ಪಿಡಿಎಫ್ ಕೊಡಿ ಅಂತ ಅವರನ್ನು ಕೇಳಿ ಕೇಳಿ ಸಾಕಾಗಿತ್ತು. ಪ್ರತಿ ಸಲವೂ "ಪೇವಾಲ್ ಇದೆ ಮೇಡಂ, ಸಾರಾಂಶ ಕೊಟ್ಟಿದ್ದೀವಲ್ಲ, ವೆರಿಫೈ ಆಗಿದೆ" ಅನ್ನುತ್ತಿದ್ದರು. ಪೇವಾಲ್ ಅಂದರೆ ದುಡ್ಡು ಕಟ್ಟಿದರೆ ಮಾತ್ರ ಓದಲು ಸಿಗುವುದು. ಡಿಒಐ ಹಾಕಿದರೆ ಮಣ್ಣಿನ ಪರೀಕ್ಷೆಯ ಲೇಖನ ತೆರೆಯಿತು. ಆ ಜರ್ನಲ್‌ನ ಆ ಸಂಪುಟದ ಅದೇ ಪುಟಗಳಲ್ಲಿ ಇರುವುದು ಬೇರೆಯದೇ ಲೇಖನ. ಅಂಥ ಪೇಪರ್ ಪ್ರಪಂಚದಲ್ಲೇ ಇಲ್ಲ. ಎಐಗೆ ಕೇಳಿ ಬಂದ ಉತ್ತರವನ್ನು ಹಾಗೇ ಹಾಳೆಗೆ ಸುರಿದಿದ್ದಾರೆ.

ಮನೆಗೆ ಬಂದು ಇಡೀ ಹಾಳೆ ಬಿಚ್ಚಿ ಕೂತೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ "ಕರ್ನಾಟಕದ ವಿದ್ಯಾರ್ಥಿಗಳಲ್ಲಿ 10.6%" ಅಂತ ಒಂದು ಸಾಲು. ಮೂಲ ಅಂತ ಕೊಟ್ಟಿದ್ದು ಯಾವುದೋ ಸುದ್ದಿ ತಾಣ. ನಿಮ್ಹಾನ್ಸ್ 2015–16ರಲ್ಲಿ ಮಾಡಿದ ಆ ಸಮೀಕ್ಷೆ ನಡೆದದ್ದು 12 ರಾಜ್ಯಗಳಲ್ಲಿ. ಅದರಲ್ಲಿ ಕರ್ನಾಟಕ ಇಲ್ಲವೇ ಇಲ್ಲ! ಕೋಲಾರದಲ್ಲಿ ಪೂರ್ವಭಾವಿ ಅಧ್ಯಯನ ಮಾತ್ರ ಆಗಿತ್ತು. 10.6% ಅನ್ನುವುದು ಆ 12 ರಾಜ್ಯಗಳಲ್ಲಿ ಮಾನಸಿಕ ಕಾಯಿಲೆ ಇದ್ದ ವಯಸ್ಕರ ಪ್ರಮಾಣ, ವಿದ್ಯಾರ್ಥಿಗಳದ್ದಲ್ಲ. ನಿಮ್ಹಾನ್ಸ್ ವರದಿಯನ್ನು ಒಮ್ಮೆ ತೆರೆದಿದ್ದರೂ ಇದು ಗೊತ್ತಾಗುತ್ತಿತ್ತು. ತೆರೆದಿಲ್ಲ. ಯಾರೂ ತೆರೆದಿಲ್ಲ.

ಇನ್ನೊಂದು ಇದಕ್ಕಿಂತ ನಾಜೂಕಿನದು. ಆತ್ಮಸಂಯಮ ಬಳಸಿದಷ್ಟೂ ಖರ್ಚಾಗುತ್ತದೆ ಅನ್ನುವ "ಈಗೋ ಡಿಪ್ಲೀಷನ್" ವಾದ, 1998ರ ಬಾಮೈಸ್ಟರ್ ಮತ್ತು ಜೊತೆಗಾರರ ಪೇಪರ್. ಇದು ನಿಜವಾದ ಪೇಪರ್, ದೊಡ್ಡ ಜರ್ನಲ್, ವಾಪಸ್ ತೆಗೆದಿಲ್ಲ. ಹಾಗಾದರೆ ತಪ್ಪೇನು? 2016ರಲ್ಲಿ 23 ಪ್ರಯೋಗಾಲಯಗಳು ಸೇರಿ, 2,000ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷೆ ಮಾಡಿದಾಗ ಪರಿಣಾಮ ಹೆಚ್ಚುಕಡಿಮೆ ಸೊನ್ನೆ ಬಂತು. 2021ರಲ್ಲಿ ಇನ್ನೂ ದೊಡ್ಡದಾಗಿ ಮಾಡಿದಾಗಲೂ ಸಿಕ್ಕಿದ್ದು ತೀರಾ ಚಿಕ್ಕ ಪರಿಣಾಮ. ಇವೆರಡನ್ನೂ ಬಿಟ್ಟು 1998ರದ್ದನ್ನು ಮಾತ್ರ ಕೊಟ್ಟರೆ ಅದು ಅರ್ಧ ಸತ್ಯ. ಮನೋವಿಜ್ಞಾನದಲ್ಲಿ ಇದು ಗೊತ್ತಿಲ್ಲದವರು "ನಾವು ಸೋರ್ಸ್ ಪರೀಕ್ಷಿಸುತ್ತೇವೆ" ಅಂತ ಬೋರ್ಡ್ ಹಾಕಬಾರದು. 2015ರಲ್ಲಿ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಸುಮಾರು ಮೂರನೇ ಒಂದು ಭಾಗ ಮಾತ್ರ ನಿಂತವು ಅನ್ನುವುದು ನಮ್ಮ ಕೋರ್ಸ್‌ವರ್ಕ್‌ನಲ್ಲೇ ಬರುತ್ತದಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕೋಚಿಂಗ್ ಸೆಂಟರ್ ಬ್ಲಾಗುಗಳು. ಒಂದೇ ಸಂಚಿಕೆಯಲ್ಲಿ ಮನೋವಿಜ್ಞಾನ, ಕಾಂಕ್ರೀಟ್, ಆಯುರ್ವೇದ ಎಲ್ಲಾ ಹಾಕುವ ಜರ್ನಲ್‌ಗಳು, ಅವಕ್ಕೆ ಎಲ್ಲಿಂದಲೋ ತಂದ ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಪ್ರಭಾವ ಅಳೆಯುವ ಅಂಕಿ). ಮುಂದೆ "ಯುಜಿಸಿ-ಕೇರ್ ಮಾನ್ಯತೆ ಚಾಲ್ತಿ" ಅಂತ ಬೇರೆ. ಮಾನ್ಯ ಜರ್ನಲ್‌ಗಳ ಆ ಯುಜಿಸಿ-ಕೇರ್ ಪಟ್ಟಿಯನ್ನು ಯುಜಿಸಿಯೇ 2025ರ ಫೆಬ್ರವರಿಯಲ್ಲಿ ನಿಲ್ಲಿಸಿಬಿಟ್ಟಿದೆ.

ಈಗ ಅವರ ಉತ್ತರಗಳನ್ನು ಕೇಳಿ. ಸಿಟ್ಟು ಬಂದಿದ್ದು ಇಲ್ಲೇ ಜಾಸ್ತಿ.

ಮೊದಲು ಫೋನ್ ಮಾಡಿದಾಗ: "ಗೂಗಲ್ ಸ್ಕಾಲರ್‌ನಲ್ಲಿ ಬರುತ್ತಲ್ಲ ಮೇಡಂ. ಸೈಟೇಷನ್ ನೋಡಿ, ನೂರಾರು ಜನ ಬಳಸಿದ್ದಾರೆ." ಗೂಗಲ್ ಸ್ಕಾಲರ್ ಒಳ್ಳೆಯದು ಕೆಟ್ಟದ್ದು ನೋಡಿ ಹಾಕುವುದಿಲ್ಲ, ವಾಪಸ್ ತೆಗೆದದ್ದೂ ಅಲ್ಲಿ ಬರುತ್ತದೆ, ಹಳೆಯ ಸೈಟೇಷನ್‌ಗಳು ಅಳಿಸಿಹೋಗುವುದಿಲ್ಲ. ಇಷ್ಟು ಹೇಳಿದೆ. "ನಿಮ್ಮ ಎಕ್ಸ್‌ಟರ್ನಲ್ ಸ್ವಲ್ಪ ಸ್ಟ್ರಿಕ್ಟ್ ಇದ್ದಾರೆ ಅನ್ಸುತ್ತೆ ಮೇಡಂ" ಅಂದರು. ಅಂದರೆ ತಪ್ಪು ಆ ಪ್ರೊಫೆಸರ್‌ದು!

ಇಲ್ಲದ ಪೇಪರ್ ಬಗ್ಗೆ ಕೇಳಿದೆ. "ಅದು ಟೈಪಿಂಗ್ ಮಿಸ್ಟೇಕ್. ಡಿಒಐಯಲ್ಲಿ ಒಂದು ಅಂಕಿ ಹೆಚ್ಚುಕಡಿಮೆ ಆಗಿರುತ್ತೆ." ಸರಿಯಾದ ಅಂಕಿ ಕೊಡಿ ಅಂದೆ. ಎರಡು ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ. ಮತ್ತೆ ಕೇಳಿದೆ. "ಆ ಟೀಮ್ ಮೆಂಬರ್ ಬಿಟ್ಟು ಹೋಗಿದ್ದಾರೆ." ಸರಿ, "ವೆರಿಫೈಡ್" ಅಂದರೆ ಏನು ಮಾಡುತ್ತೀರಿ ಸರ್, ಅದನ್ನಾದರೂ ಹೇಳಿ ಅಂದೆ. ಆಗ ಬಂದ ಉತ್ತರ ನೋಡಿ: "ಫಾರ್ಮ್ಯಾಟ್ ಚೆಕ್ ಮಾಡಿರ್ತೀವಿ ಮೇಡಂ. ಎಪಿಎ ಪ್ರಕಾರ ಕಾಮಾ, ಇಟಾಲಿಕ್ಸ್ ಎಲ್ಲಾ ಸರಿ ಇದೆಯಲ್ಲ?"

ಎಪಿಎ ಅಂದರೆ ಆಧಾರಗಳನ್ನು ಬರೆಯುವ ಒಂದು ಶೈಲಿ, ಅಷ್ಟೇ. ಕಾಮಾ! ಹದಿನೆಂಟು ಸಾವಿರ ತೆಗೆದುಕೊಂಡು ಕಾಮಾ ನೋಡಿದ್ದಾರೆ. ಪೇಪರ್ ತೆರೆದು ಓದಿಲ್ಲ. ನನ್ನ ಇಡೀ ಜಗಳ ಇದೊಂದೇ.

ದುಡ್ಡು ವಾಪಸ್ ಕೇಳಿದಾಗ ದನಿ ಬದಲಾಯಿತು. "ಡಿಜಿಟಲ್ ಸರ್ವಿಸ್‌ಗೆ ರೀಫಂಡ್ ಇಲ್ಲ. ಬೇಕಾದ್ರೆ ಪ್ರೀಮಿಯಂ ಪ್ಯಾಕೇಜ್ ಅರ್ಧ ಬೆಲೆಗೆ ಮಾಡಿಕೊಡ್ತೀವಿ, ಅದರಲ್ಲಿ ರಿಟ್ರ್ಯಾಕ್ಷನ್ ಚೆಕ್ ಇರುತ್ತೆ." ಮೊದಲ ಪ್ಯಾಕೇಜ್‌ನಲ್ಲೇ ಇದೆ ಅಂತ ನೀವೇ ಬರೆದಿದ್ದೀರಲ್ಲ ಅಂತ ಅವರದೇ ಮೆಸೇಜ್ ಕಳಿಸಿದೆ. ಬ್ಲಾಕ್ ಮಾಡಿದರು.

ದಯವಿಟ್ಟು ಯಾರಿಗೂ ದುಡ್ಡು ಕೊಡಬೇಡಿ, ಈ ಕೆಲಸಕ್ಕೆ ದುಡ್ಡೇ ಬೇಡ. ಡಿಒಐಯನ್ನು ಡಿಒಐ ಡಾಟ್ ಆರ್ಗ್‌ನಲ್ಲಿ ಹಾಕಿದರೆ ಅದೇ ಪೇಪರ್ ತೆರೆಯುತ್ತದೋ, ಬೇರೆಯದೋ, ಏನೂ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಪಿಡಿಎಫ್ ಯಾರೇ ಕೊಟ್ಟಿರಲಿ, ಜರ್ನಲ್‌ನ ಸ್ವಂತ ಪುಟ ತೆರೆದು ನೋಡಿ. ವಾಪಸ್ ತೆಗೆದ ಪೇಪರ್‌ಗಳ ಲೆಕ್ಕ ಇಡುವ ರಿಟ್ರ್ಯಾಕ್ಷನ್ ವಾಚ್‌ನ ದತ್ತಾಂಶ 2023ರಿಂದ ಎಲ್ಲರಿಗೂ ಉಚಿತ. ಝೊಟೆರೊ ಅನ್ನುವ ಉಚಿತ ತಂತ್ರಾಂಶದಲ್ಲಿ ಸೋರ್ಸ್ ಇಟ್ಟುಕೊಂಡರೆ, ವಾಪಸ್ ತೆಗೆದ ಪೇಪರ್‌ಗೆ ಅದು ತಾನಾಗಿಯೇ ಕೆಂಪು ಎಚ್ಚರಿಕೆ ತೋರಿಸುತ್ತದೆ. ಹೆಸರಾಂತ ಪೇಪರ್ ಆದರೆ ಅದನ್ನು ಮತ್ತೆ ಮಾಡಿ ನೋಡಿದವರು ಯಾರು, ಏನು ಬಂತು ಅಂತ ಹುಡುಕಿ. ಸಮೀಕ್ಷೆಯ ಅಂಕಿ ಬೇಕಿದ್ದರೆ ಮೂಲ ವರದಿಗೇ ಹೋಗಿ, ಯಾವ ರಾಜ್ಯ, ಯಾವ ವಯಸ್ಸು ಅಂತ ನೋಡಿ. ಪೇವಾಲ್ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. 2025ರ ಜನವರಿಯಿಂದ ಒಂದು ರಾಷ್ಟ್ರ ಒಂದು ಚಂದಾ ಯೋಜನೆ ಬಂದಿದೆ, ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸುಮಾರು 13,000 ಜರ್ನಲ್ ಸಿಗುತ್ತವೆ. ಲೈಬ್ರರಿಯವರನ್ನು ಕೇಳಿ. ನಮ್ಮ ಲೈಬ್ರರಿಯನ್ ಮೇಡಂ ನನ್ನ ಹಾಳೆಯನ್ನು ನನ್ನ ಜೊತೆ ಕೂತು ತಿದ್ದಿಕೊಟ್ಟರು, ಒಂದು ಪೈಸೆ ಇಲ್ಲದೆ.

ನನ್ನ ಆ ಹೈಪಾಥಿಸಿಸ್ ಹೋಯಿತು. ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಮತ್ತೆ ಬರೆದು ಮುಂದಿನ ಕಮಿಟಿಗೆ ಬನ್ನಿ ಅಂದಿದ್ದಾರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಕೊನೆಯ ಕಾಲಮ್‌ನಲ್ಲಿ ಹಸಿರು "ವೆರಿಫೈಡ್" ಇರುವ ಹಾಳೆ ನಿಮ್ಮ ಹತ್ತಿರವೂ ಇದ್ದರೆ ಮೊದಲು ಯಾವುದಾದರೂ ಐದು ಸಾಲು ಆರಿಸಿ, ಡಿಒಐ ಹಾಕಿ ನೋಡಿ. ಪೇಮೆಂಟ್ ರಸೀದಿ, ಚಾಟ್ ಅಳಿಸಬೇಡಿ, ನನಗೆ ತಿಳಿಸಿ. ನನ್ನ ದೂರಿನ ಜೊತೆ ನಿಮ್ಮದೂ ಹೋಗಲಿ.