ಕಾಡು ನೋಡೋಕೆ ಬರೋರೇ, ಕೃಷಿ ಹೊಂಡಕ್ಕೆ ಕೈ ತೊಳೆಯೋಕೂ ಇಳಿಯಬೇಡಿ

ಇದನ್ನು ಬರೆಯೋದೋ ಬೇಡವೋ ಅಂತ ಎರಡು ವಾರ ಯೋಚನೆ ಮಾಡಿದೆ. ಅಕ್ಕನಿಗೆ ಇಷ್ಟ ಇರಲಿಲ್ಲ, "ಊರಿಗೆಲ್ಲ ಹೇಳ್ಕೊಂಡು ತಿರುಗಬೇಕಾ" ಅಂದಳು. ಆದರೆ ಮೊನ್ನೆ ಭಾನುವಾರ ಅದೇ ಕಡೆ ಹೋಗುವಾಗ ಅಂಥದ್ದೇ ಇನ್ನೊಂದು ಹೊಂಡದ ದಂಡೆಯ ಮೇಲೆ ನಾಲ್ಕು ಜನ ಹುಡುಗರು ಕಾಲು ಇಳಿಬಿಟ್ಟು ಕೂತು ಸೆಲ್ಫಿ ತೆಗೀತಿದ್ದರು. ಗಾಡಿ ನಿಲ್ಲಿಸಿ ಬೈದು ಎಬ್ಬಿಸಿದೆ. ಅವರ ಕಣ್ಣಿಗೆ ನಾನು ಯಾರೋ ಹುಚ್ಚಿ. ಇರಲಿ, ಮನೆಗೆ ಬಂದ ಮೇಲೆ ಬರೆಯೋಕೆ ಕೂತೆ.

ನಮ್ಮದು ಕೋಲಾರ. ದಸರಾ ರಜೆಗೆ ಅಕ್ಕ, ಭಾವ, ಅವರ ಮಗ ಮೈಸೂರಿನಿಂದ ಬಂದಿದ್ದರು. ಊರವರೆಲ್ಲ ದಸರಾ ನೋಡೋಕೆ ಮೈಸೂರಿಗೆ ಹೋದರೆ ಇವರು ಗಲಾಟೆ ತಡೆಯೋಕಾಗದೆ ಇಲ್ಲಿಗೆ ಬರ್ತಾರೆ, ಪ್ರತಿ ವರ್ಷ ಇದೇ ಕಥೆ. ಹುಡುಗ ಒಂಬತ್ತನೇ ಕ್ಲಾಸು. ನಾಲ್ಕು ವರ್ಷದಿಂದ ಈಜು ಕಲಿತಿದ್ದಾನೆ, ಸ್ಕೂಲಿನಲ್ಲಿ ಮೆಡಲ್ ಬೇರೆ ಬಂದಿದೆ. ಈ ಮಾತು ನೆನಪಿಟ್ಟುಕೊಳ್ಳಿ.

ಬೆಳಿಗ್ಗೆ ಅಂತರಗಂಗೆಗೆ ಹೋದೆವು. ಗೊತ್ತಿಲ್ಲದವರಿಗೆ ಹೇಳ್ತೀನಿ, ಊರಿನಿಂದ ಮೂರ್ನಾಲ್ಕು ಕಿಲೋಮೀಟರ್ ಅಷ್ಟೇ. ಶತಶೃಂಗ ಬೆಟ್ಟದ ಮೈಮೇಲೆ ಕಾಶಿ ವಿಶ್ವೇಶ್ವರನ ಗುಡಿ, ಪಕ್ಕದಲ್ಲಿ ಕಲ್ಯಾಣಿ, ಬಸವನ ಬಾಯಿಂದ ನೀರು ಬರ್ತಾನೇ ಇರುತ್ತದೆ. ಅದರ ಮೇಲಕ್ಕೆ ಹತ್ತಿದರೆ ಬಂಡೆಗಳ ಮಧ್ಯೆ ಗುಹೆಗಳು. ಇಡೀ ಬೆಳಿಗ್ಗೆ ನನ್ನ ಬಾಯಿ ಸುಮ್ಮನಿರಲಿಲ್ಲ. ಕೋತಿ ಬರುತ್ತೆ ಬ್ಯಾಗ್ ಮುಂದಕ್ಕೆ ಹಾಕ್ಕೋ, ಬಂಡೆ ಸಂದಿಗೆ ಕೈ ಹಾಕಬೇಡ, ಹಾವಿರುತ್ತೆ, ಒಬ್ಬನೇ ಗುಹೆ ಒಳಗೆ ನುಗ್ಗಬೇಡ, ಜೇನು ಕಟ್ಟಿರುತ್ತೆ ಕೂಗಬೇಡ. ಚಿರತೆ ಬಗ್ಗೆ ಅವನೇ ಹತ್ತು ಸಲ ಕೇಳಿದ. ಎಲ್ಲ ಸರಿಯಾಗಿ ಮುಗಿಯಿತು. ಒಂದು ಕೋತಿ ಭಾವನ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಅಲ್ಲಿಂದ ಮನೆಗೆ ಹೋಗಬಹುದಿತ್ತು. "ಬೆಟ್ಟದ ಹಿಂದುಗಡೆ ಇನ್ನೂ ಚೆನ್ನಾಗಿದೆ, ಜನ ಇರಲ್ಲ" ಅಂತ ಕರೆದುಕೊಂಡು ಹೋದವಳು ನಾನೇ. ಸುಳ್ಳಲ್ಲ, ನಿಜವಾಗಿಯೂ ಚೆನ್ನಾಗಿದೆ. ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿ ನೀಲಗಿರಿ ತೋಪು ದಾಟಿದರೆ ಕುರುಚಲು ಕಾಡು ಶುರುವಾಗುತ್ತದೆ. ತಂಗಡಿ ಹೂ ಬಿಟ್ಟಿತ್ತು, ಎಲ್ಲೋ ನವಿಲು ಕೂಗುತ್ತಿತ್ತು. ಸೀತಾಫಲದ ಗಿಡಗಳು ಬೇಕಾದಷ್ಟು. ನಮ್ಮ ಹುಡುಗ ಗಿಡದಲ್ಲೇ ಬಿರಿದಿದ್ದ ಹಣ್ಣು ಹುಡುಕಿ ಹುಡುಕಿ ತಿಂದ. ಕಾಡು ಮುಗಿಯುವ ಕಡೆ ರಾಗಿ ಹೊಲ, ಅದರ ಪಕ್ಕ ಟೊಮೆಟೊ ತೋಟ, ಎರಡರ ಮಧ್ಯೆ ಕೃಷಿ ಹೊಂಡ. ಸೆಪ್ಟೆಂಬರ್, ಅಕ್ಟೋಬರ್ ನಮ್ಮ ಕಡೆ ಮಳೆ ಜಾಸ್ತಿ ಬೀಳುವ ತಿಂಗಳು, ಹೊಂಡ ಹೆಚ್ಚುಕಮ್ಮಿ ತುಂಬಿತ್ತು. ಸುತ್ತ ಬೇಲಿಗೆ ಕಲ್ಲುಕೂಚ, ಅಂದರೆ ಕಲ್ಲಿನ ಕಂಬ ನಿಲ್ಲಿಸಿದ್ದರು, ತಂತಿ ಮಾತ್ರ ಎರಡು ಕಡೆ ಇರಲೇ ಇಲ್ಲ.

"ಚಿಕ್ಕಿ, ಕೈಯೆಲ್ಲ ಅಂಟು, ತೊಳ್ಕೊಂಡು ಬರ್ತೀನಿ" ಅಂದ. ನಾನು "ಹೂಂ" ಅಂದೆ. ಫೋನ್ ನೋಡ್ತಿದ್ದೆ.

ಜಾರಿದ ಶಬ್ದ ಕೂಡ ಬರಲಿಲ್ಲ. ಅಕ್ಕ ಕೂಗಿದ್ದು ಕೇಳಿ ತಿರುಗಿದರೆ ಅವನು ನೀರಲ್ಲಿದ್ದ, ದಂಡೆಯಿಂದ ಒಂದು ಮಾರು ದೂರದಲ್ಲಿ. ನನಗೆ ಮೊದಲು ನಗು ಬಂತು. ನಿಜ ಹೇಳ್ತೀನಿ. ಈಜು ಬರೋ ಹುಡುಗ, ಬಟ್ಟೆ ಒದ್ದೆ ಮಾಡಿಕೊಂಡ ಅಂತ ಅಂದುಕೊಂಡೆ. ಅವನೂ ನಗ್ತಾ ದಂಡೆಗೆ ಬಂದ. ಕೈ ಊರಿದ, ಜಾರಿದ. ಮತ್ತೆ ಊರಿದ, ಮತ್ತೆ ಜಾರಿದ. ಮೂರನೇ ಸಲ ಮಂಡಿ ಹಾಕಿ ಹತ್ತೋಕೆ ನೋಡಿದವನು ಸೀದಾ ಕೆಳಗೆ ಹೋಗಿ ಮುಳುಗಿ ಎದ್ದ. ಆಗ ಅವನ ಮುಖದಲ್ಲಿ ನಗು ಇರಲಿಲ್ಲ.

ಅದು ಮಣ್ಣಿನ ದಂಡೆ ಅಲ್ಲ ಸ್ವಾಮಿ. ನೀರು ಇಂಗಿ ಹೋಗದ ಹಾಗೆ ಹೊಂಡದ ಒಳಗೆ ಪೂರ್ತಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ, ಅದರ ಮೇಲೆ ಪಾಚಿ ಕಟ್ಟಿರುತ್ತದೆ. ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ. ದಂಡೆಯಿಂದ ತಳದವರೆಗೆ ಒಂದೇ ಇಳಿಜಾರು. ಕಾಲಿಗೆ ಮೆಟ್ಟಿಲಿಲ್ಲ, ಕೈಗೆ ಒಂದು ಹುಲ್ಲುಕಡ್ಡಿ ಇಲ್ಲ. ಸಾಮಾನ್ಯವಾಗಿ ಆಳ 3 ಮೀಟರ್, ಅಂದರೆ ಹತ್ತು ಅಡಿ. 21 ಮೀಟರ್ ಉದ್ದ, 21 ಮೀಟರ್ ಅಗಲದ ದೊಡ್ಡ ಹೊಂಡಗಳೂ ಇವೆ, ಆಳ ಅಷ್ಟೇ. ಈಜುಕೊಳದಲ್ಲಿ ಸುಸ್ತಾದರೆ ಅಂಚು ಹಿಡಿದು ನಿಲ್ಲಬಹುದು, ಕೆರೆಯಲ್ಲಿ ದಡಕ್ಕೆ ಬಂದರೆ ಕೆಸರಾದರೂ ಕಾಲಿಗೆ ಸಿಗುತ್ತದೆ. ಇಲ್ಲಿ ಹಿಡಿಯೋಕೆ ಏನೂ ಇಲ್ಲ, ಎಷ್ಟು ಹೊತ್ತು ಈಜುತ್ತೀರಿ? ಶೂ, ಜೀನ್ಸ್ ಬೇರೆ ಒದ್ದೆಯಾಗಿ ಭಾರ.

ಭಾವ ಓಡಿ ಹೋಗಿ ದಂಡೆಯಲ್ಲಿ ಮಂಡಿಯೂರಿ ಕೈ ಚಾಚಿದರು. ಹುಡುಗ ಕೈ ಹಿಡಿದ. ಹಿಡಿದ ತಕ್ಷಣ ಭಾವನೂ ಜಾರತೊಡಗಿದರು, ನಿಧಾನಕ್ಕೆ, ಯಾರೋ ಕೆಳಗಿಂದ ಚಾಪೆ ಎಳೆದ ಹಾಗೆ. ಅಕ್ಕ ಅವರ ಅಂಗಿ ಹಿಡಿದಳು, ಗುಂಡಿ ಕಿತ್ತು ಬಂತು. ನಾನು ಅವರ ಕಾಲು ತಬ್ಬಿಕೊಂಡು ಅಡ್ಡ ಬಿದ್ದೆ. ಕೈ ಬಿಡಿಸಿಕೊಂಡಿದ್ದು ಹುಡುಗನೇ, ಇಲ್ಲದಿದ್ದರೆ ಭಾವನೂ ಒಳಗೆ. ಭಾವನಿಗೆ ಈಜು ಬರಲ್ಲ. ಪೇಪರಿನಲ್ಲಿ ಇಂಥ ಸುದ್ದಿ ಓದಿದಾಗ "ಒಬ್ಬರನ್ನು ಉಳಿಸೋಕೆ ಹೋಗಿ ಇನ್ನೊಬ್ಬರು" ಅಂತ ಇರುತ್ತಲ್ಲ, ಅದು ಹೇಗೆ ಆಗುತ್ತದೆ ಅಂತ ಆವತ್ತು ನೋಡಿದೆ. ಯಾರೂ ಬೇಕಂತ ಹಾರಲ್ಲ. ಕೈ ಕೊಡ್ತಾರೆ ಅಷ್ಟೇ.

ನನ್ನ ದುಪಟ್ಟಾ ಎಸೆದೆ. ಗಾಳಿಗೆ ಹಾರಿ ನನ್ನ ಕಾಲ ಹತ್ತಿರವೇ ಬಿತ್ತು. ಅದರ ತುದಿಗೆ ಕಲ್ಲು ಕಟ್ಟಬೇಕು ಅಂತ ಆ ಹೊತ್ತಿನಲ್ಲಿ ಯಾರಿಗೆ ಹೊಳೆಯುತ್ತದೆ?

ಕಾಡಿನ ಅಂಚಿನಲ್ಲಿ ಹಸು ಮೇಯಿಸುತ್ತಿದ್ದ ಅಜ್ಜಿ ನಮ್ಮ ಕೂಗಾಟ ಕೇಳಿ ಬಂದರು. ಓಡಿ ಬರಲಿಲ್ಲ, ಅದೇ ನನಗೆ ಈಗಲೂ ಆಶ್ಚರ್ಯ. ಮೊದಲು ಹಸುವಿನ ಹಗ್ಗ ಬಿಚ್ಚಿದರು. ಬರ್ತಾ ಬರ್ತಾನೇ ಒಂದು ತುದಿಗೆ ಕೈ ತೂರುವಷ್ಟು ಕುಣಿಕೆ ಹಾಕಿದರು. ಇನ್ನೊಂದು ತುದಿಯನ್ನು ಕಲ್ಲುಕೂಚಕ್ಕೆ ಎರಡು ಸುತ್ತು ಸುತ್ತಿ ಭಾವನ ಕೈಗೆ ಕೊಟ್ಟು "ಕೂತ್ಕೋ, ನಿಂತ್ಕೋಬೇಡ" ಅಂತ ಗದರಿದರು. ಆಮೇಲೆ ಕುಣಿಕೆ ಎಸೆದು, ನಮ್ಮ ಕಡೆ ಹಳ್ಳಿಯವರ ಅಭ್ಯಾಸ ನೋಡಿ, ಕನ್ನಡ ಬಿಟ್ಟು ತೆಲುಗಿಗೆ ಹೋದರು: "ಪಟ್ಟುಕೋ ನಾಯನಾ, ಪಟ್ಟುಕೋ!" ಹಿಡ್ಕೋ ಮಗಾ ಅಂತ. ಮೈಸೂರಿನ ಹುಡುಗನಿಗೆ ತೆಲುಗು ಎಲ್ಲಿ ಬರಬೇಕು. ಆದರೂ ಹಿಡಿದ. ಮೊಣಕೈವರೆಗೆ ಕುಣಿಕೆ ತೂರಿಸಿಕೊಂಡ ಮೇಲೆ ನಾವು ಮೂವರೂ ಕೂತು ಎಳೆದೆವು. ಹೊಟ್ಟೆ ಮೇಲೆ ಜಾರಿಕೊಂಡು ಮೇಲೆ ಬಂದ. ಉಗುರುಗಳಲ್ಲಿ ಹಸಿರು ಪಾಚಿ, ಎರಡು ಬೆರಳಲ್ಲಿ ರಕ್ತ.

ಆಮೇಲೆ ಫೋನಿನಲ್ಲಿ ನೋಡಿದೆ. ಅವನು ಸೀತಾಫಲ ತಿನ್ನುತ್ತಿರುವ ಕೊನೆಯ ಫೋಟೋ 11:42ಕ್ಕೆ. ನಾನು 108ಕ್ಕೆ ಫೋನ್ ಹಚ್ಚಿದ್ದು 11:51ಕ್ಕೆ.

ಸಿಗ್ನಲ್ ಸಿಗದೆ ಎರಡು ಸಲ ಕಟ್ ಆಯಿತು, ಕೊನೆಗೆ ನಮ್ಮ ಕಾರಿನಲ್ಲೇ ಆಸ್ಪತ್ರೆಗೆ ಹೋದೆವು. ಹೊರಡುವ ಮುಂಚೆ ಪಕ್ಕದ ತೋಟದಿಂದ ಬಂದ ಒಬ್ಬರು ಹುಡುಗನ ಕಾಲು ಹಿಡಿದು ತಲೆಕೆಳಗು ಮಾಡಿ, ಹೊಟ್ಟೆ ಒತ್ತಿ ನೀರು ತೆಗೆಯೋಣ ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು, ಆದರೆ ಹಾಗೆ ಮಾಡಬಾರದು ಅಂತ ಡಾಕ್ಟರು ಆಮೇಲೆ ಹೇಳಿದರು. ವಾಂತಿಯಾಗಿ ಅದು ಶ್ವಾಸಕೋಶಕ್ಕೇ ಹೋಗಬಹುದಂತೆ. ಎಚ್ಚರ ಇದ್ದು ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಲಗಿಸಿ ಬೆಚ್ಚಗೆ ಇಡಬೇಕು. ಉಸಿರೇ ಇಲ್ಲದಿದ್ದರೆ ಕಾಯುತ್ತಾ ಕೂರದೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. ನಮ್ಮ ಹುಡುಗ ಕೆಮ್ಮುತ್ತಿದ್ದ, ಮಾತಾಡುತ್ತಿದ್ದ, "ನಂಗೇನೂ ಆಗಿಲ್ಲ, ಮನೆಗೆ ಹೋಗೋಣ" ಅಂತಿದ್ದ. ಆದರೂ ನೀರು ಕುಡಿದವರಿಗೆ ಕೆಲವು ಗಂಟೆ ಬಿಟ್ಟು ಉಸಿರಾಟ ಕೆಡಬಹುದು ಅಂತ ಒಂದು ರಾತ್ರಿ ಅಲ್ಲೇ ಇಟ್ಟುಕೊಂಡರು. ಚೆನ್ನಾಗಿದ್ದಾನೆ ಎಂದು ಸೀದಾ ಮನೆಗೆ ಕರೆದುಕೊಂಡು ಹೋಗಬೇಡಿ.

ಹೊಂಡ ಮಾಡಿಸಿದ ರೈತರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯೋ ಹೊಳೆ ಒಂದೂ ಇಲ್ಲ, ಸಾವಿರ ಅಡಿ ಬೋರ್ ಕೊರೆಸಿದರೂ ಧೂಳು ಬರುತ್ತದೆ. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಸುಮಾರು ಜನ ಹೊಂಡ ತೆಗೆಸಿಕೊಂಡರು, ಆ ನೀರಲ್ಲೇ ಟೊಮೆಟೊ ಬೆಳೆದು ಮಾರುಕಟ್ಟೆಗೆ ಹಾಕ್ತಾರೆ. ಸುತ್ತ ತಂತಿಬೇಲಿ ಹಾಕಿಸೋಕೂ ಯೋಜನೆಯಲ್ಲಿ ಸಹಾಯಧನ ಇದೆ. ಹಾಕಿಸಿದ ಬೇಲಿ ಉಳಿಯುತ್ತಾ ಅನ್ನೋದು ಬೇರೆ ಮಾತು. ಅಲ್ಲಿ ತಂತಿ ಕಳ್ಳರು ಬಿಚ್ಚಿಕೊಂಡು ಹೋಗಿದ್ದರಂತೆ. ಆದರೆ ಬೇಲಿ ಇಲ್ಲ ಅಂದ ಮಾತ್ರಕ್ಕೆ ಒಳಗೆ ಇಳಿಯಿರಿ ಅಂತ ಯಾರೂ ಕರೆದಿರಲಿಲ್ಲ ಅಲ್ವಾ. ಅದು ಅವರ ಹೊಲ, ಕೇಳದೆ ನುಗ್ಗಿದ್ದು ನಾವು.

ಕೆರೆ ವಿಷಯನೂ ಒಂದು ಮಾತು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡೋ ನೀರು, ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು, ಆಮೇಲೆ ಒಂದೊಂದೇ ಕೆರೆ ತುಂಬುತ್ತಾ ಹೋಯಿತು. ಅದಕ್ಕಿಂತ ಮುಂಚೆ ನಾವು ಕ್ರಿಕೆಟ್ ಆಡಿದ ಕೆರೆ ಅಂಗಳಗಳು ಅವು. ಮಣ್ಣು ತೆಗೆದ ಗುಂಡಿಗಳೆಲ್ಲ ಈಗ ನೀರಿನ ಕೆಳಗಿವೆ, ಮೊಣಕಾಲುದ್ದ ನೀರಿನಿಂದ ಒಂದೇ ಹೆಜ್ಜೆಗೆ ತಲೆ ಮುಳುಗುವ ಜಾಗ. ಬಿಟ್ಟು ಹೋದ ಕಲ್ಲು ಕ್ವಾರಿಗಳಂತೂ ಕೇಳಲೇಬೇಡಿ, ನೀಲಿ ನೀರು ನೋಡಿ ಮರುಳಾಗಬೇಡಿ.

ಹಾಗಾಗಿ ಬೆಟ್ಟಕ್ಕೆ, ಕಾಡಿಗೆ ಖಂಡಿತ ಬನ್ನಿ. ಕೈ ತೊಳೆಯೋಕೆ ಕಾರಿನಲ್ಲಿ ಒಂದು ಕ್ಯಾನ್ ನೀರು ಜಾಸ್ತಿ ಇಟ್ಟುಕೊಳ್ಳಿ. ಡಿಕ್ಕಿಯಲ್ಲಿ ಇಪ್ಪತ್ತು ಅಡಿ ಹಗ್ಗ ಇರಲಿ. ಯಾರಾದರೂ ಬಿದ್ದರೆ ಕೈ ಕೊಡೋಕೆ ಹೋಗಬೇಡಿ, ಇಳಿಯಲೇಬೇಡಿ. ಹಗ್ಗ, ಸೀರೆ, ಪಂಚೆ, ತೋಟದ ಡ್ರಿಪ್ ಪೈಪು, ಟೊಮೆಟೊಗೆ ನೆಟ್ಟ ಕೋಲು, ಸಿಕ್ಕಿದ್ದನ್ನು ಚಾಚಿ. ನೀವು ಮಾತ್ರ ಕೂತು ಅಥವಾ ಮಲಗಿಕೊಂಡು ಎಳೆಯಿರಿ. ಬಿದ್ದವರಿಗೆ ದಂಡೆ ಹತ್ತೋ ಪ್ರಯತ್ನ ಬಿಟ್ಟು ಅಂಗಾತ ತೇಲು ಅಂತ ಕೂಗಿ ಹೇಳಿ, ಹತ್ತಿ ಹತ್ತಿ ಜಾರಿಯೇ ಸುಸ್ತಾಗೋದು. ಒಬ್ಬರು 112ಕ್ಕೆ ಫೋನ್ ಮಾಡಿ.

ಹೊಂಡ ಇರುವವರು ಇದನ್ನು ಓದುತ್ತಿದ್ದರೆ, ಬೇಲಿಗೆ ದುಡ್ಡಾಗುವವರೆಗೆ ಅಡಿಗೊಂದು ಗಂಟು ಹಾಕಿದ ಹಗ್ಗವನ್ನು ಕೂಚಕ್ಕೆ ಕಟ್ಟಿ ತಳದವರೆಗೆ ಇಳಿಬಿಡಿ. ನಿಮ್ಮ ಮಕ್ಕಳಿಗೂ ಬೇಕಾಗುತ್ತದೆ, ದನಕ್ಕೂ ಬೇಕಾಗುತ್ತದೆ. ಆ ಅಜ್ಜಿಗೆ ಕುಣಿಕೆ ಹಾಕೋದು ಹೇಗೆ ಗೊತ್ತಿತ್ತು ಅಂತ ಕೇಳಿದ್ದಕ್ಕೆ "ಹೋದ ವರ್ಷ ನಮ್ ಕರು ಬಿದ್ದಿತ್ತಮ್ಮ" ಅಂದರು.

ಮೊನ್ನೆ ಭಾನುವಾರ ನಾನು ಹೋಗಿದ್ದು ಅದಕ್ಕೇ. ನಾಲ್ಕು ನೈಲಾನ್ ಹಗ್ಗ ತೊಗೊಂಡು ಹೋಗಿದ್ದೆ, ಹೊಂಡದ ನಾಲ್ಕೂ ಕಡೆಗೆ ಒಂದೊಂದು. ಹೊಲದ ಯಜಮಾನರು ಏನೂ ಅನ್ನಲಿಲ್ಲ, ಗಂಟು ಹಾಕೋಕೆ ಅವರೇ ಕೂತರು. ಮೂರು ಕಟ್ಟಿದೆವು. ನಾಲ್ಕನೆಯದನ್ನು ಅಜ್ಜಿ ಎತ್ತಿಕೊಂಡು, ಎಳೆದು ಗಟ್ಟಿ ಇದೆಯಾ ನೋಡಿ, ಹಸುವಿಗೆ ಕಟ್ಟಿಕೊಂಡು ಹೋದರು.