ರೈನ್ ಬಲದಂಡೆ, ಎಡದಂಡೆ, ಎಲ್ಟ್ಸ್ ಕಣಿವೆ: ಮೂರನ್ನೂ ನಡೆದು ನೋಡಿದ ಮೇಲೆ

ಫ್ರಾಂಕ್‌ಫರ್ಟ್ ಸುತ್ತಮುತ್ತ ಇರುವ ನಮ್ಮ ಕನ್ನಡದವರು ನನ್ನನ್ನು ಪದೇಪದೇ ಕೇಳುವುದು ಒಂದೇ ಮಾತು. ಶನಿವಾರ ಬಿಡುವಿದೆ, ಕಾಡು, ಹೊಳೆ, ಕೋಟೆ ಮೂರೂ ಸಿಗಬೇಕು, ಎಲ್ಲಿಗೆ ಹೋಗೋಣ? ಹೆಚ್ಚಿನವರು ರೈನ್ ನದಿಯಲ್ಲಿ ದೋಣಿ ಹತ್ತಿ, ಕೂತಲ್ಲೇ ಕೋಟೆಗಳ ಫೋಟೋ ತೆಗೆದು ವಾಪಸ್ ಬರ್ತಾರೆ. ಅದೂ ಚಂದವೇ. ಆದರೆ ಆ ಕಣಿವೆಯನ್ನು ಕಾಲಲ್ಲಿ ನಡೆದೇ ನೋಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಹಾಗಾಗಿ ನಾನು ನಡೆದ ಮೂರು ದಾರಿಗಳನ್ನು ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ.

ಮೊದಲು ಜಾಗದ ಪರಿಚಯ. ರೈನ್ ಇಲ್ಲಿ ಹೆಚ್ಚುಕಡಿಮೆ ಉತ್ತರಕ್ಕೆ ಹರಿಯುತ್ತದೆ. ಬಿಂಗೆನ್‌ನಿಂದ ಕೋಬ್ಲೆಂಜ್‌ವರೆಗೆ ಸುಮಾರು 65 ಕಿಲೋಮೀಟರ್ ಕಣಿವೆ 2002ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಇಷ್ಟರಲ್ಲೇ ಸುಮಾರು 40 ಕೋಟೆಗಳು. ಯಾಕೆ ಇಷ್ಟೊಂದು ಅಂದರೆ ಮುಖ್ಯವಾಗಿ ಸುಂಕ. ಹೊಳೆಯಲ್ಲಿ ಸರಕಿನ ದೋಣಿ ಹೋಗುತ್ತಿತ್ತು, ದಡದ ಮೇಲೆ ಕೋಟೆ ಕಟ್ಟಿದವನು ನಿಲ್ಲಿಸಿ ವಸೂಲಿ ಮಾಡುತ್ತಿದ್ದ. ಬಲದಂಡೆಯ ಕಾಡುದಾರಿಗೆ ರೈನ್‌ಸ್ಟೈಗ್ ಅಂತ ಹೆಸರು. ವೀಸ್‌ಬಾಡೆನ್‌ನಿಂದ ಬಾನ್‌ವರೆಗೆ 320 ಕಿಲೋಮೀಟರ್, 2005ರಲ್ಲಿ ತೆರೆದದ್ದು. ಎಡದಂಡೆಯದು ರೈನ್‌ಬುರ್ಗೆನ್‌ವೆಗ್, ಅಂದರೆ ರೈನ್ ಕೋಟೆಗಳ ದಾರಿ, ಸುಮಾರು 200 ಕಿಲೋಮೀಟರ್. ಮೂರನೆಯದು ರೈನ್ ಅಲ್ಲ, ಪಕ್ಕದ ಮೊಸೆಲ್ ನದಿಗೆ ಸೇರುವ ಚಿಕ್ಕ ಹೊಳೆ, ಎಲ್ಟ್ಸ್‌ಬಾಖ್. ಅದರ ಕಣಿವೆಯೊಳಗೆ ಬುರ್ಗ್ ಎಲ್ಟ್ಸ್ ಕೋಟೆ ಇದೆ.

ಬಲದಂಡೆಯಿಂದ ಶುರು ಮಾಡ್ತೀನಿ. ಸೆಪ್ಟೆಂಬರ್‌ನಲ್ಲಿ ಗೆಳತಿಯ ಜೊತೆ ಕೌಬ್‌ನಿಂದ ಸಾಂಕ್ಟ್ ಗೋಆರ್ಸ್‌ಹೌಸನ್‌ವರೆಗೆ ನಡೆದೆ. ಇಪ್ಪತ್ತು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ನಮಗೆ ಊಟ, ಫೋಟೋ ಎಲ್ಲ ಸೇರಿ ಏಳೂವರೆ ಗಂಟೆ ಹಿಡಿಯಿತು. ಕೌಬ್‌ನಲ್ಲಿ ರೈಲು ಇಳಿದ ತಕ್ಷಣ ಹೊಳೆಯ ನಡುವೆ ಬಿಳೀ ಕೋಟೆಯೊಂದು ನಿಂತಿರುತ್ತದೆ, ಫಾಲ್ಸ್‌ಗ್ರಾಫೆನ್‌ಸ್ಟೈನ್. ಕೆಳಗಿನ ನಡುಗಡ್ಡೆ ಕಾಣದಷ್ಟು ಅದೇ ತುಂಬಿಕೊಂಡಿದೆ, ನೋಡಿದರೆ ಹಡಗು ನಿಂತ ಹಾಗೆ. 1326ರ ಸುಮಾರಿಗೆ ಬವೇರಿಯಾದ ಲುಡ್ವಿಗ್ ದೊರೆ ಸುಂಕಕ್ಕೆಂದೇ ಕಟ್ಟಿಸಿದ್ದು. ಅಲ್ಲಿಂದ ನೇರ ಏರು. ಈ ದಾರಿಯ ಕಷ್ಟ ಏನೆಂದರೆ ಒಂದೇ ಸಲ ಹತ್ತಿ ಮುಗಿಯುವುದಿಲ್ಲ. ಹತ್ತುತ್ತೀರಿ, ಅಡ್ಡ ಹಳ್ಳ ಬರುತ್ತದೆ, ಇಳಿಯುತ್ತೀರಿ, ಮತ್ತೆ ಹತ್ತುತ್ತೀರಿ. ಕುದುರೆಮುಖದ ಕಡೆ ನಡೆದು ರೂಢಿ ಇದ್ದವರಿಗೂ ಮೂರನೇ ಏರಿಗೆ ಮಂಡಿ ಮಾತಾಡುತ್ತದೆ. ಓಕ್ ಕಾಡಿನ ನೆರಳು, ಆಮೇಲೆ ಥಟ್ಟನೆ ದ್ರಾಕ್ಷಿ ತೋಟದ ಬಿಸಿಲು, ಮತ್ತೆ ಕಾಡು. ದಾರಿಯುದ್ದಕ್ಕೂ ನೀಲಿ ಫಲಕದಲ್ಲಿ ಬಿಳೀ ಗುರುತು ಸಿಗುತ್ತಲೇ ಇರುತ್ತದೆ, ಮೊಬೈಲ್ ತೆಗೆಯುವ ಅಗತ್ಯವೇ ಬರಲಿಲ್ಲ.

ರಾಸ್‌ಸ್ಟೈನ್ ಅನ್ನುವ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಚಪಾತಿ, ಚಟ್ನಿಪುಡಿ, ಮೊಸರು. ಎದುರಿಗೆ ಹೊಳೆಯಾಚೆ ಓಬರ್‌ವೇಸಲ್ ಊರು, ಅದರ ಹಳೇ ಗೋಡೆ, ಗೋಪುರಗಳು, ಊರ ಮೇಲೆ ಶೋನ್‌ಬುರ್ಗ್ ಕೋಟೆ. ಎಲ್ಲಾ ಅಂಗೈಯಲ್ಲಿ ಇಟ್ಟ ಹಾಗೆ. ಅಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಈ ಕಣಿವೆಯಲ್ಲಿ ಯಾವ ದಂಡೆಯ ಕೋಟೆ ನೋಡಬೇಕೋ ಅದರ ಎದುರು ದಂಡೆಯಲ್ಲಿ ನಡೆಯಬೇಕು. ಕೋಟೆಯ ಬುಡದಲ್ಲಿ ನಿಂತರೆ ಗೋಡೆ ಕಾಣುತ್ತದೆ, ಅಷ್ಟೇ. ಲೋರೆಲೈ ಬಂಡೆಯೂ ಹೀಗೆಯೇ. ಹೊಳೆಯಿಂದ 130 ಮೀಟರ್ ಎತ್ತರದ ಅಷ್ಟು ಹೆಸರಾದ ಬಂಡೆ, ಸಂಜೆ ಅದರ ನೆತ್ತಿಗೆ ಬಂದು ನಿಂತರೆ ನೀರು ಕಾಣುತ್ತದೆ, ದೋಣಿ ಕಾಣುತ್ತದೆ, ಬಂಡೆ ಮಾತ್ರ ಕಾಣುವುದಿಲ್ಲ. ಅದರ ಮೇಲೇ ನಿಂತಿರುತ್ತೇವಲ್ಲ!

ಒಳಗೆ ಹೋಗಿ ನೋಡುವ ಕೋಟೆ ಈ ದಾರಿಯಲ್ಲಿ ಕಡಿಮೆ. ಸಾಂಕ್ಟ್ ಗೋಆರ್ಸ್‌ಹೌಸನ್ ಮೇಲಿನ ಬುರ್ಗ್ ಕಾಟ್ಸ್ ಖಾಸಗಿ ಆಸ್ತಿ, ಹೊರಗಿಂದಲೇ ಸರಿ. ಬಲದಂಡೆಯಲ್ಲಿ ಒಳಗೆ ನೋಡಲೇಬೇಕಾದ ಕೋಟೆ ಅಂದರೆ ಬ್ರೌಬಾಖ್‌ನ ಮಾರ್ಕ್ಸ್‌ಬುರ್ಗ್, ಅದು ಇನ್ನೂ ಉತ್ತರಕ್ಕೆ. ಈ ಕಣಿವೆಯಲ್ಲಿ ಗುಡ್ಡದ ಮೇಲಿದ್ದೂ ಯಾವತ್ತೂ ನಾಶವಾಗದೆ ಉಳಿದ ಕೋಟೆ ಅದೊಂದೇ. ಅದಕ್ಕೆ ಬೇರೆಯೇ ಒಂದು ದಿನ ಇಟ್ಟುಕೊಳ್ಳಿ.

ಎಡದಂಡೆಗೆ ಹೋಗಿದ್ದು ಮೇ ತಿಂಗಳಲ್ಲಿ, ಊರಿಂದ ಅಪ್ಪ ಬಂದಿದ್ದಾಗ. ಅಪ್ಪನಿಗೆ 66. ತೀರ್ಥಹಳ್ಳಿ ಕಡೆಯವರು, ಕವಲೇದುರ್ಗವನ್ನು ಈಗಲೂ ಚಪ್ಪಲಿಯಲ್ಲೇ ಹತ್ತುವವರು, ಆದರೂ ಏಳು ಗಂಟೆ ನಡೆಸುವ ಧೈರ್ಯ ನನಗಿರಲಿಲ್ಲ. ಓಬರ್‌ವೇಸಲ್‌ನಿಂದ ಸಾಂಕ್ಟ್ ಗೋಆರ್‌ವರೆಗೆ ನಿಧಾನಕ್ಕೆ ಹೋದೆವು. ಊರು ದಾಟುತ್ತಲೇ ಊಲ್ಸ್‌ಬೆರ್ಗ್ ಅನ್ನುವ ಕಡಿದಾದ ದ್ರಾಕ್ಷಿ ಗುಡ್ಡ. ಅದಕ್ಕೆ ಏಣಿ, ಕಬ್ಬಿಣದ ಹಗ್ಗ ಇರುವ ಒಂದು ಸಾಹಸದ ದಾರಿ ಇದೆ, ಮೇಲಿಂದ ಬಳಸಿ ಹೋಗುವ ಸಾದಾ ದಾರಿಯೂ ಇದೆ. ನಾವು ಸಾದಾ ದಾರಿ ಹಿಡಿದೆವು. ಹಿರಿಯರು, ಮಕ್ಕಳು ಇದ್ದರೆ ನೀವೂ ಅದನ್ನೇ ಹಿಡಿಯಿರಿ, ನೋಟದಲ್ಲಿ ಏನೂ ನಷ್ಟವಿಲ್ಲ.

ಈ ಗುಡ್ಡಗಳೆಲ್ಲ ಸ್ಲೇಟು ಕಲ್ಲು. ಕಾಲಿಟ್ಟರೆ ಹಂಚಿನ ಚೂರಿನ ಹಾಗೆ ಕಟಕಟ ಸದ್ದು. ಅಪ್ಪ ಬಗ್ಗಿ ಅಂಗೈ ಅಗಲದ ಒಂದು ಚೂರು ಎತ್ತಿಕೊಂಡರು. ಕಡುಬೂದು ಬಣ್ಣ, ಅಂಚಿನಲ್ಲಿ ಪುಸ್ತಕದ ಹಾಳೆಗಳ ಹಾಗೆ ಪದರ ಪದರ. ಉಗುರು ಹಾಕಿದರೆ ಒಂದು ಪದರ ಎದ್ದು ಬಂತು. ಇನ್ನೊಂದು ಚೂಪು ಚೂರು ಹುಡುಕಿ ಅದರ ಮೇಲೆ ಗೀರಿದರು, ಬೆಳ್ಳಗೆ ಗೆರೆ ಮೂಡಿತು. 'ಅ' ಬರೆದರು, 'ಆ' ಬರೆದರು, ಬೆರಳಿಗೆ ಎಂಜಲು ಹಚ್ಚಿ ಒರೆಸಿದರು. "ನಾವು ಒಂದನೇ ಕ್ಲಾಸಲ್ಲಿ ಹಿಂಗೇ ಕಣೆ" ಅಂದರು. ಇದೇ ಕಲ್ಲು ಹಗಲಿಡೀ ಬಿಸಿ ಹಿಡಿದು ರಾತ್ರಿ ಬಳ್ಳಿಗೆ ಕೊಡುತ್ತದೆ, ಅದಕ್ಕೇ ಇಷ್ಟು ಉತ್ತರದಲ್ಲೂ ದ್ರಾಕ್ಷಿ ಹಣ್ಣಾಗುತ್ತದೆ. ಕೆಳಗಿನ ಊರುಗಳ ಹಳೇ ಸೂರುಗಳೂ ಇದೇ ಕಲ್ಲಿನವು. ಒಂದು ಎಚ್ಚರಿಕೆ, ಮಳೆ ಬಿದ್ದರೆ ಈ ಕಲ್ಲು ಪಾಚಿ ಕಟ್ಟಿದ ಮೆಟ್ಟಿಲಿನ ಹಾಗೆ ಜಾರುತ್ತದೆ. ಸುಮ್ನೆ ಓಡಾಡುವ ಕ್ಯಾನ್ವಾಸ್ ಶೂ ಸಾಲುವುದಿಲ್ಲ.

ಮುಂದೆ ಊರ್ಬಾರ್ ಹಳ್ಳಿಯ ಪಕ್ಕ ಮಾರಿಯಾ ರೂ ಅನ್ನುವ ಜಾಗ. ಬೆಂಚುಗಳಿವೆ, ಹುಲ್ಲಿದೆ, ಎದುರಿಗೆ ಪೂರ್ತಿ ಲೋರೆಲೈ. ಸೆಪ್ಟೆಂಬರ್‌ನಲ್ಲಿ ಅದರ ನೆತ್ತಿಯ ಮೇಲೆ ನಿಂತು ನಾನು ನೋಡಲಾಗದ ಬಂಡೆ ಇಲ್ಲಿಂದ ನೀರಿನವರೆಗೆ ಇಡಿಯಾಗಿ ಕಂಡಿತು. ಅದರ ಬುಡದಲ್ಲಿ ಹೊಳೆ ಕಿರಿದಾಗಿ ತಿರುಗುತ್ತದೆ, ಉದ್ದನೆಯ ಸರಕು ದೋಣಿಗಳು ತಿರುವಿನಲ್ಲಿ ಹುಷಾರಾಗಿ ಹೋಗುತ್ತವೆ. ಅಪ್ಪ ಅಲ್ಲಿ ಮುಕ್ಕಾಲು ಗಂಟೆ ಕೂತರು, ನಾನು ಏಳಿಸಲಿಲ್ಲ.

ಕೊನೆಗೆ ಸಾಂಕ್ಟ್ ಗೋಆರ್ ಮೇಲೆ ರೈನ್‌ಫೆಲ್ಸ್. 1245ರಲ್ಲಿ ಕಟ್ಟಲು ಶುರು ಮಾಡಿದ ಕೋಟೆ. ಸುಂಕ ಜಾಸ್ತಿಯಾಯಿತು ಅಂತ ಹತ್ತೇ ವರ್ಷದಲ್ಲಿ ರೈನ್ ದಂಡೆಯ ಪಟ್ಟಣಗಳೆಲ್ಲ ಸೇರಿ ಮುತ್ತಿಗೆ ಹಾಕಿದವು, ಒಂದು ವರ್ಷಕ್ಕೂ ಹೆಚ್ಚು ಕಾದರೂ ಕೈಗೆ ಸಿಗಲಿಲ್ಲ. 1692ರಲ್ಲಿ ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಸೈನ್ಯಕ್ಕೂ ಸಿಗಲಿಲ್ಲ. ಕಡೆಗೆ 1797ರಲ್ಲಿ ಫ್ರೆಂಚರು ಮದ್ದಿಟ್ಟು ಉಡಾಯಿಸಿದರು. ಈಗ ಪಾಳುಬಿದ್ದ ಗೋಡೆಗಳು, ಆದರೆ ಎಷ್ಟು ದೊಡ್ಡದೆಂದರೆ ಸುತ್ತಿ ಬರಲು ಎರಡು ಗಂಟೆ ಬೇಕು. ನೆಲದಡಿಯ ಸುರಂಗಗಳು ಇದರ ವಿಶೇಷ. ಅವುಗಳಲ್ಲಿ ಯಾವುದು ತೆರೆದಿದೆ ಅಂತ ಹೋಗುವ ಮೊದಲೇ ವಿಚಾರಿಸಿ, ಟಾರ್ಚ್ ಇಟ್ಟುಕೊಳ್ಳಿ. ಮಾರ್ಗದರ್ಶಿಯ ಹಿಂದೆ ಸಾಲಾಗಿ ಹೋಗದೆ ನಮ್ಮ ಪಾಡಿಗೆ ನಾವು ತಿರುಗಬಹುದು ಅನ್ನುವುದು ನನಗೆ ಬಹಳ ಹಿಡಿಸಿತು. ಎಡದಂಡೆಯ ಒಂದು ಕೊರತೆ, ಹೆದ್ದಾರಿ ಮತ್ತು ರೈಲಿನ ಸದ್ದು. ಎರಡೂ ದಂಡೆಗಳಲ್ಲಿ ರೈಲುದಾರಿ ಇದೆ, ಗೂಡ್ಸ್ ಗಾಡಿ ಹೋದರೆ ಕಣಿವೆಯೇ ಗುಡುಗುತ್ತದೆ. ನಮ್ಮ ಮಟ್ಟಿಗೆ ಎಡಗಡೆ ನಡೆದ ದಿನ ಅದು ಜಾಸ್ತಿ ಕೇಳಿಸಿತು.

ಸದ್ದೇ ಬೇಡ ಅನ್ನುವವರಿಗೆ ಎಲ್ಟ್ಸ್. ಕೋಬ್ಲೆಂಜ್‌ನಲ್ಲಿ ರೈಲು ಬದಲಿಸಿ ಮೊಸೆಲ್‌ಕೆರ್ನ್ ಅನ್ನುವ ಪುಟ್ಟ ನಿಲ್ದಾಣದಲ್ಲಿ ಇಳಿಯಬೇಕು. ಹಳ್ಳಿ ದಾಟಿ ಹೊಳೆಯ ಜೊತೆಗೇ ನಡೆಯಬೇಕು, ಸುಮಾರು ಐದು ಕಿಲೋಮೀಟರ್. ಮೊದಲರ್ಧ ಟಾರು ರಸ್ತೆ, ಆಮೇಲೆ ಕಾಡು. ಅಕ್ಟೋಬರ್ ಮಧ್ಯದಲ್ಲಿ ಹೋಗಿದ್ದೆ. ಬೀಚ್ ಮರಗಳ ಎಲೆ ಹಳದಿ ತಿರುಗಿ ಹೊಳೆಯ ಮೇಲೆಲ್ಲ ತೇಲುತ್ತಿತ್ತು. ನೀರಿನ ಸದ್ದು ಬಿಟ್ಟರೆ ಬೇರೇನಿಲ್ಲ. ನಮ್ಮ ಮಲೆನಾಡಿನ ಹಳ್ಳದ ಪಕ್ಕ ನಡೆದ ಹಾಗೇ ಇತ್ತು, ಇಂಬಳ ಒಂದಿಲ್ಲ. ಆದರೆ ಉಣುಗು ಇದೆ. ಮಂಗನ ಕಾಯಿಲೆ ಕೇಳಿ ಬೆಳೆದವಳು ನಾನು, ಉಣುಗು ಅಂದರೆ ಸುಮ್ನೆ ಬಿಡುವವಳಲ್ಲ. ಇಲ್ಲಿ ಅದು ಲೈಮ್ ಅನ್ನುವ ಬೇರೆ ಕಾಯಿಲೆ ಹರಡುತ್ತದೆ. ಮೂರೂ ದಾರಿಗೆ ಇದು ಅನ್ವಯ: ಪ್ಯಾಂಟನ್ನು ಸಾಕ್ಸ್ ಒಳಗೆ ಸಿಕ್ಕಿಸಿ, ಮನೆಗೆ ಬಂದು ಮಂಡಿಯ ಹಿಂದೆ, ಕಂಕುಳು ಎಲ್ಲ ನೋಡಿಕೊಳ್ಳಿ.

ಕೋಟೆ ಕಾಣುವ ರೀತಿಯೇ ಇಲ್ಲಿ ಬೇರೆ. ರೈನ್‌ನಲ್ಲಿ ಮೈಲಿ ದೂರದಿಂದಲೇ ಕೋಟೆ ಕಾಣುತ್ತದೆ. ಇಲ್ಲಿ ಸುತ್ತಲ ಗುಡ್ಡ ಕೋಟೆಗಿಂತ ಎತ್ತರ. ಒಂದು ತಿರುವು ದಾಟುವವರೆಗೆ ಮರ, ನೀರು, ಅಷ್ಟೇ. ದಾಟಿದ ಮೇಲೆ ತಲೆಯ ಮೇಲೇ ಗೋಪುರಗಳ ಗುಂಪು. ಮೂರು ಕಡೆ ಹೊಳೆ ಸುತ್ತಿದ ಬಂಡೆಯ ಮೇಲೆ, ಒಂದೇ ಮನೆತನದ ಮೂರು ಕವಲುಗಳು ತಲೆಮಾರುಗಟ್ಟಲೆ ಸೇರಿಸುತ್ತಾ ಹೋದ ಮನೆಗಳವು. ಎಂಟುನೂರು ವರ್ಷ ದಾಟಿದರೂ ಇವತ್ತಿಗೂ ಅದೇ ಎಲ್ಟ್ಸ್ ಮನೆತನದ್ದು. ಪಕ್ಕದ ಗುಡ್ಡದ ಕಾಡಿನಲ್ಲಿ ಟ್ರುಟ್ಸೆಲ್ಟ್ಸ್ ಅನ್ನುವ ಇನ್ನೊಂದು ಪಾಳು ಕೋಟೆ ಇದೆ. 1331ರಿಂದ 1336ರವರೆಗೆ ನಡೆದ ಜಗಳದಲ್ಲಿ ಟ್ರಿಯರ್‌ನ ಆರ್ಚ್‌ಬಿಷಪ್ ಬಾಲ್ಡುಯಿನ್ ಎಲ್ಟ್ಸ್ ಮೇಲೆ ಕಲ್ಲುಗುಂಡು ಎಸೆಯಲಿಕ್ಕೇ ಅದನ್ನು ಕಟ್ಟಿಸಿದ. ಅಲ್ಲಿಗೂ ಹತ್ತಿ, ಕೋಟೆಯ ಒಳ್ಳೆಯ ನೋಟ ಇರುವುದು ಅಲ್ಲಿಂದಲೇ. ಮುತ್ತಿಗೆ ಹಾಕುವವನೂ ಎದುರು ಜಾಗವನ್ನೇ ಹುಡುಕಿದ್ದ, ನೋಡಿ. ಕಷ್ಟ ಒಂದೇ, ಜನ. ರಜಾದಿನ ಮಧ್ಯಾಹ್ನ ಅಂಗಳದಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಒಳಗಿನ ಕೋಣೆಗಳನ್ನು ಮಾರ್ಗದರ್ಶಿಯ ಜೊತೆಗೇ ನೋಡಬೇಕು. ಚಳಿಗಾಲದಲ್ಲಿ ಕೋಟೆ ಮುಚ್ಚಿರುತ್ತದೆ.

ಹೋಗಿಬರುವ ಖರ್ಚಿನಲ್ಲಿ ಮೂರಕ್ಕೂ ವ್ಯತ್ಯಾಸವಿಲ್ಲ. 2023ರಲ್ಲಿ 49 ಯೂರೋಗೆ ಶುರುವಾಗಿ 2026ಕ್ಕೆ 63 ಆಗಿರುವ ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸ್ ಇದ್ದರೆ ಪ್ರಾದೇಶಿಕ ರೈಲುಗಳಲ್ಲಿ ಬೇರೆ ಕಾಸು ಬೇಡ. ಬಲದಂಡೆಯಿಂದ ವಾಪಸ್ ಬರುವಾಗ ನಮ್ಮ ರೈಲು ಹೇಳದೆ ಕೇಳದೆ ರದ್ದಾಯಿತು. ವೀಸ್‌ಬಾಡೆನ್‌ನಿಂದ ಕೋಬ್ಲೆಂಜ್ ಮುಟ್ಟುವವರೆಗೆ ರೈನ್ ಮೇಲೆ ದಾಟಲು ಸೇತುವೆ ಇಲ್ಲ. ಅದೃಷ್ಟಕ್ಕೆ ಸಾಂಕ್ಟ್ ಗೋಆರ್ಸ್‌ಹೌಸನ್‌ನಲ್ಲಿ ಫೆರಿ ಇದೆ. ಆಚೆ ದಡಕ್ಕೆ ದಾಟಿ ಎಡಗಡೆಯ ರೈಲು ಹಿಡಿದೆವು. ಕೊನೇ ಫೆರಿಯ ಹೊತ್ತನ್ನು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ.

ನನ್ನ ಲೆಕ್ಕ ಹೀಗೆ. ಕಾಲಲ್ಲಿ ಕಸುವಿದ್ದು ಒಂದೇ ದಿನ ಕೈಯಲ್ಲಿದ್ದರೆ ಬಲದಂಡೆ, ಎರಡು ಮಾತಿಲ್ಲ. ಅಪ್ಪ ಅಮ್ಮ ಬಂದಿದ್ದರೆ ಎಡದಂಡೆ, ಸುಸ್ತಾದರೆ ಕೆಳಗಿಳಿದ ಊರಿನಲ್ಲಿ ರೈಲೂ ಕಾಫಿಯೂ ಸಿಗುತ್ತದೆ. ಕಾಡೇ ಮುಖ್ಯ ಅನ್ನುವವರಿಗೆ ಎಲ್ಟ್ಸ್, ಆದರೆ ವಾರದ ನಡುವೆ ರಜೆ ಹಾಕಿ ಬೆಳಿಗ್ಗೆ ಬೇಗ ಹೋಗಿ. ಅಪ್ಪ ಮುಂದಿನ ಮೇ ತಿಂಗಳಿಗೆ ಮತ್ತೆ ಬರ್ತಾರೆ, ಈ ಸಲ ಅಮ್ಮನೂ ಜೊತೆಗೆ. ಅಮ್ಮನಿಗೆ ಮಂಡಿನೋವು. ಎಲ್ಟ್ಸ್‌ನ ಮೇಲಿನ ಪಾರ್ಕಿಂಗ್‌ನಿಂದ ಕೋಟೆವರೆಗೆ ಒಂದು ಚಿಕ್ಕ ಬಸ್ಸು ಓಡುತ್ತದೆ. ಅಮ್ಮ ಅದರಲ್ಲಿ ಬರಲಿ, ನಾನು ಅಪ್ಪ ಹೊಳೆಯ ಪಕ್ಕ ನಡೆದು ಬರ್ತೀವಿ.